ನಾಲ್ಕು ಗೇರು ಹಿಂದಕ್ಕೆ, ಒಂದು ಮುಂದಕ್ಕೆ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಎದುರು ಮನೆಯ ಗಂಡ ಹೆಂಡಿರ ಜಗಳ ಕೇಳಿಸುತ್ತಿತ್ತೇ ಹೊರತು ಕಾಣಿಸುತ್ತಿರಲಿಲ್ಲ. ಮನುಷ್ಯರ ಸಣ್ಣತನಗಳನ್ನು ಆಗಾಗ ಹೀಗೊಂದು ಬಿಳಿ ಬಟ್ಟೆ ಹೊದಿಸಿ ಮುಚ್ಚಿಡುವುದು ಭಗವಂತನ ದೊಡ್ಡತನ. ಆದರೆ ಅದೇ ಮಂಜಿನಲ್ಲಿ ಭಾಮೈದ ತನ್ನ ಟೆಂಪೋವನ್ನು ಹಿಂದಕ್ಕೆ ತೆಗೆಯಲು ಹೋಗಿ ಅಂಗಳದ ಮೂಲೆಯ ಶೆಡ್ಡಿಗೆ ಗುದ್ದಿಬಿಟ್ಟ. ಈ ಕಥೆಯೆಲ್ಲ ಹುಟ್ಟಿದ್ದು ಆ ಗುದ್ದಿನಿಂದ.

ಯಾರ ಭಾಮೈದ ಎಂದರೆ, ನಮ್ಮ ಕಥಾನಾಯಕರ ಭಾಮೈದ. ಕಥಾನಾಯಕರು ನೀರಿನ ಕಚೇರಿಯಲ್ಲಿ ಅರ್ಜಿಗಳ ಮೇಲೆ ಮೊಹರು ಒತ್ತುವ ಗುಮಾಸ್ತರು. ಮಾವನ ಮನೆಯಲ್ಲೇ ನೆಲೆ ನಿಂತ ಅಳಿಯಂದಿರು. ಹೆತ್ತವರು ಇಟ್ಟ ಹೆಸರೊಂದು ಇದ್ದೀತು. ಬೀದಿಯವರು ಕರೆಯುವುದು ಮಾತ್ರ ‘ನಾನಿದ್ದೀನಲ್ಲ’ ಎಂದೇ. ಯಾರ ಮನೆಯ ನಲ್ಲಿ ಸೋರಲಿ, ಯಾರ ಗೋಡೆಗೆ ಮೊಳೆ ಬೇಕಾಗಲಿ, ಅವರು ಎದೆಯ ಮೇಲೆ ಕೈಯಿಟ್ಟು “ನಾನಿದ್ದೀನಲ್ಲ!” ಎನ್ನುತ್ತಿದ್ದರು. ಅವರು ಬಂದು ಹೋದ ಮೇಲೆ ನಲ್ಲಿಯವನನ್ನು ಕರೆಸಬೇಕಾಗುತ್ತಿತ್ತು; ಕೆಲವು ಸಲ ಗಾರೆಯವನನ್ನೂ. ಆದರೂ ಬೀದಿಯಲ್ಲಿ ಯಾರಿಗೂ ಅವರ ಮೇಲೆ ಕೋಪವಿರಲಿಲ್ಲ. ಅಂಥ ಮನಸ್ಸು ಕೊಟ್ಟ ದೇವರು ಕೈಗಳನ್ನು ಕೊಡುವ ಹೊತ್ತಿಗೆ ದಣಿದಿದ್ದನೆಂದು ಕಾಣುತ್ತದೆ.

ಶೆಡ್ಡಿನಲ್ಲಿದ್ದದ್ದು ಮಾವನ ಕಾರು. ದುಂಡು ಬೆನ್ನಿನ, ಬೆನ್ನೊಳಗೇ ಎಂಜಿನ್ ಇಟ್ಟುಕೊಂಡ ಹಳೇ ಕಾಲದ ಕಾರು. ಗೇರ್‌ಬಾಕ್ಸ್ ಕೆಟ್ಟು ಮಾವ ತಾವೇ ಬಿಚ್ಚಿ ಸರಿಮಾಡಲು ಹೋಗಿ ಕೈಬಿಟ್ಟ ಮೇಲೆ ಎಷ್ಟೋ ವರ್ಷಗಳಿಂದ ನಿಂತಲ್ಲೇ ನಿಂತಿತ್ತು. ಮಾವ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಈಗಲೂ ಅವರು ಬೀದಿಯಲ್ಲಿ ನಡೆದು ಬಂದರೆ ಅಂಗಡಿಯವರ ಕೈ ತಾನಾಗಿ ತಕ್ಕಡಿಯ ಮುಳ್ಳನ್ನು ನೆಟ್ಟಗೆ ಮಾಡುತ್ತಿತ್ತು. ಯಾವ ವಸ್ತುವನ್ನೂ ಎಸೆಯುವವರಲ್ಲ. ಏನು ಮುರಿದರೂ ತಾಮ್ರದ ತಂತಿ ಸುತ್ತಿ ಸರಿಮಾಡುತ್ತಿದ್ದರು. ಅವರ ಕನ್ನಡಕದ ಕಾಲು ನಿಂತಿದ್ದು ತಾಮ್ರದ ತಂತಿಯ ಮೇಲೆ, ಕೊಡೆಯ ಹಿಡಿಯೂ ಅದರ ಮೇಲೆಯೇ. ಅಂಥವರು ದಿನಾ ಸಂಜೆ ಶೆಡ್ಡಿಗೆ ಹೋಗಿ, ಕಾರಿನ ಧೂಳು ಒರೆಸಿ, ಸ್ಟಿಯರಿಂಗ್ ಹಿಡಿದು ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಎಲ್ಲಿಗೂ ಹೋಗಿರುತ್ತಿರಲಿಲ್ಲ. ಆದರೂ ಒಳಗೆ ಬಂದಾಗ ಮುಖದಲ್ಲಿ ದೂರದ ಊರಿಂದ ಬಂದವರ ಕಳೆ ಇರುತ್ತಿತ್ತು.

“ಅಪ್ಪಾ, ಆ ಗುಜರಿ ಅಲ್ಲಿರೋದಕ್ಕೇ ನನ್ನ ಟೆಂಪೋ ದೀಪ ಒಡೀತು,” ಎಂದ ಭಾಮೈದ, ತಿಂಡಿಗೆ ಕೂರುತ್ತ.

“ಗುದ್ದಿದ್ದು ನೀನು. ಕಾರೇನು ಎದ್ದು ಬಂತಾ?” ಎಂದರು ಮಾವ.

“ಎದ್ದು ಬರೋದಾಗಿದ್ರೆ ಚೆನ್ನಾಗಿತ್ತಲ್ಲ! ಓಡದ ಕಾರಿಗೆ ಶೆಡ್ಡು, ಮದುವೆ ಮನೆಗೆ ಬಾಡಿಗೆಗೆ ಕೊಡೋ ನನ್ನ ಕುರ್ಚಿಗಳಿಗೆ ಆಕಾಶ. ಮಳೇಲಿ ನೆಂದು ನೆಂದು ಕುರ್ಚಿಗಳ ಬಣ್ಣ ಹೋಯ್ತು. ಇಷ್ಟು ವರ್ಷ ಊರಿನ ತಕ್ಕಡಿ ಎಲ್ಲಾ ನೋಡಿದೀರಿ, ಇದನ್ನೂ ಒಂದ್ಸಲ ತೂಗಿ ನೋಡಿ.”

ಈ ಮಾತು ಮುದುಕರಿಗೆ ನಾಟಿತು. ಅವರು ಲೋಟ ಕೆಳಗಿಟ್ಟರು. ಆಮೇಲೆ ಅಂದರು: “ಬರೋ ಭಾನುವಾರ ಸೂರ್ಯ ಮುಳುಗೋದರೊಳಗೆ ಆ ಕಾರು ತಾನೇ ಮುಂದಕ್ಕೆ ನಡೆದು ನಮ್ಮ ಗೇಟು ದಾಟಿದ್ರೆ ಶೆಡ್ಡು ಅದರದು. ಇಲ್ಲಾಂದ್ರೆ ಗುಜರಿಯವನನ್ನ ಕರೆಸು.” ಹೇಳಿದ ದನಿ ಗಟ್ಟಿಯಾಗಿತ್ತು, ಕೈಗಳು ಮಾತ್ರ ತಟ್ಟೆಯನ್ನು ಸ್ಟಿಯರಿಂಗಿನ ಹಾಗೆ ಹಿಡಿದಿದ್ದವು.

ಮಗಳು, ಅಂದರೆ ನಮ್ಮ ನಾಯಕರ ಹೆಂಡತಿ, ಅಪ್ಪನ ಕೈ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ನೋಡಿದ ಕೂಡಲೇ ಗಾಬರಿಯಾಗಿ, “ಬೇಡ ರೀ, ಬಾಯಿ ಮುಚ್ಕೊಳಿ,” ಎಂದಳು. ತಡವಾಗಿತ್ತು. ಕೈ ಆಗಲೇ ಎದೆಯ ಮೇಲೆ ಹೋಗಿತ್ತು.

“ಮಾವ, ನಾನಿದ್ದೀನಲ್ಲ!”

“ಭಾವ, ನಿಮಗೆ ಸೈಕಲ್ ಚೈನ್ ಹಾಕೋಕೆ ಬರಲ್ಲ,” ಎಂದ ಭಾಮೈದ.

“ಕಲೀತೀನಿ. ಪೇಪರ್ ಒಳಗೆ ಚೀಟಿ ಬಂದಿತ್ತು. ಹಳೇ ಕಾರಿನ ಗೇರ್‌ಬಾಕ್ಸ್ ಬಿಚ್ಚಿ ಕಟ್ಟೋ ಶಿಬಿರ. ನಮ್ಮ ಗಾಡೀನೇ ತಗೊಂಡು ಹೋಗಿ, ನಮ್ಮ ಕೈಯಾರೆ ಮಾಡಬಹುದಂತೆ. ರೈಲ್ವೆ ಗೇಟ್ ಹತ್ರ, ಊರೆಲ್ಲ ಅಕ್ಕ ಅಂತಾರಲ್ಲ, ಅವರ ಗ್ಯಾರೇಜಲ್ಲಿ.”

ಮಾವನಿಗೆ ತಿಂಡಿ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ ಕೇಳಿದರು: “ಊರಲ್ಲಿ ಬೇರೆ ಗ್ಯಾರೇಜ್ ಇಲ್ವಾ?”

ಇರಲಿಲ್ಲ. ಬೀದಿಯವರೆಲ್ಲ ಸೇರಿ ಕಾರನ್ನು ಅಲ್ಲಿಗೇ ತಳ್ಳಿಕೊಂಡು ಹೋದರು.

ಗ್ಯಾರೇಜಿನ ಅಕ್ಕ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಕೂದಲು ನರೆಸಿಕೊಂಡವರು. ಅವರ ಬಾಯಿ ಮತ್ತು ಗಾಳಿ ತುಂಬುವ ಯಂತ್ರ, ಎರಡರಲ್ಲಿ ಯಾವುದೋ ಒಂದು ಸದಾ ಚಾಲೂ ಇರುತ್ತಿತ್ತು. ಗ್ಯಾರೇಜಿನಲ್ಲಿ ಒಂದೇ ಒಂದು ಕಟ್ಟಳೆ: ಯಾವ ಸ್ಪ್ಯಾನರ್ ತೆಗೆದುಕೊಂಡರೂ ಬಾಗಿಲ ಪಕ್ಕದ ಮೊಳೆಗೆ ನಿಮ್ಮ ಒಂದು ಚಪ್ಪಲಿ ತೂಗುಹಾಕಬೇಕು. ಸ್ಪ್ಯಾನರ್ ಕೊಟ್ಟರೆ ಚಪ್ಪಲಿ ವಾಪಸ್.

“ದೇವರ ಮೇಲೆ ಆಣೆ ಇಟ್ಟವರೂ ನನ್ನ ಸಾಮಾನು ಒಯ್ದಿದಾರೆ ತಮ್ಮ,” ಎಂದರು ಅಕ್ಕ. “ಒಂಟಿ ಚಪ್ಪಲೀಲಿ ಯಾರೂ ದೂರ ಹೋಗಲ್ಲ. ಒಬ್ಬ ಮಾತ್ರ ಹೋದ.”

ಅವರು ಬೆರಳು ತೋರಿಸಿದ ಕಡೆ, ಎಲ್ಲಕ್ಕಿಂತ ಮೇಲಿನ ಮೊಳೆಯಲ್ಲಿ, ಧೂಳು ತಿಂದ ಎಡಗಾಲಿನ ಚಪ್ಪಲಿಯೊಂದು ತೂಗುತ್ತಿತ್ತು. ಅದರ ಉಂಗುಟದ ಪಟ್ಟಿಗೆ ತಾಮ್ರದ ತಂತಿ ಸುತ್ತಿತ್ತು.

“ನಾಲ್ಕು ಹಲ್ಲಿನ ಸ್ಪ್ಯಾನರ್ ಒಯ್ದ. ನಿಮ್ಮ ಕಾರಿನಂಥ ಗೇರ್‌ಬಾಕ್ಸಿನ ಪಕ್ಕದ ಬಳೆಯಂಥ ನಟ್ಟು ಬಿಚ್ಚೋಕೆ ಅದೊಂದೇ ಆಗೋದು. ಈಗ ಮಾಡಿಸ್ತೀನಂದ್ರೂ ಮಾಡೋರಿಲ್ಲ. ಅವನ ಮುಖ ಮರೆತೆ. ಶಾಪ ಮರೆತಿಲ್ಲ. ಬನ್ನಿ, ಎಲ್ಲಾ ಕಣ್ಮುಚ್ಚಿ.”

ಶಿಬಿರ ಪ್ರತಿದಿನ ಪ್ರಾರ್ಥನೆಯಿಂದ ಮೊದಲಾಗುತ್ತಿತ್ತು. ದೇವರೇ, ನಮ್ಮ ಬೆರಳುಗಳು ಸಂಜೆಗೂ ಇಷ್ಟೇ ಇರಲಿ. ಅದರ ಬೆನ್ನಿಗೇ ಶಾಪ: “ಆ ಸ್ಪ್ಯಾನರ್ ಒಯ್ದವನ ಬಾಗಿಲ ಚಿಲಕ ಸದಾ ಕಿರುಗುಟ್ಟಲಿ.” ಶಿಬಿರದವರು ಎರಡಕ್ಕೂ ಒಂದೇ ಭಕ್ತಿಯಿಂದ ಕೈ ಮುಗಿಯುತ್ತಿದ್ದರು.

ಕೆಲಸಕ್ಕೆ ಜೋಡಿ ಮಾಡಿದಾಗ ನಮ್ಮ ನಾಯಕರ ಪಾಲಿಗೆ ಬಂದವರು ಊರಿನ ಹಲ್ಲಿನ ಡಾಕ್ಟರು. ಹಳೇ ಕಾರೆಂದರೆ ಅವರಿಗೆ ಪ್ರಾಣ, ಆದರೆ ಕಾರು ಇರಲಿಲ್ಲ. ಹಲ್ಲುಚಕ್ರಗಳನ್ನು ಕಂಡು ಅವರ ಮುಖ ಅರಳಿತು. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, “ಛೆ ಛೆ, ಈ ಹಲ್ಲು ನೋಡಿ ಸಾರ್, ಸವೆದು ಹೋಗಿದೆ. ರಾತ್ರಿ ಹಲ್ಲು ಕಡೀತಿತ್ತಾ?” ಎಂದು ಕೇಳಿದರು.

“ಗೊತ್ತಿಲ್ಲ ಡಾಕ್ಟ್ರೇ, ಅದು ಶೆಡ್ಡಲ್ಲಿ ಮಲಗ್ತಿತ್ತು,” ಎಂದರು ನಾಯಕರು.

ಗೇರ್‌ಬಾಕ್ಸಿನ ಹೊಟ್ಟೆಯಲ್ಲಿ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ ಇರುತ್ತದೆ. ಹೆಸರಿಗೆ ತಕ್ಕ ಹಾಗೆ ಅದು ರಾಜನೇ. ಅದು ಯಾವ ಮಗ್ಗುಲಿಗೆ ಕೂತಿದೆಯೋ ಅದರಂತೆ ಕಾರು ಮುಂದಕ್ಕೋ ಹಿಂದಕ್ಕೋ ನಡೆಯುತ್ತದೆ. “ಬಿಚ್ಚೋ ಮುಂಚೆ ಕ್ರೌನ್ ಯಾವ ಮಗ್ಗುಲಲ್ಲಿದೆ ಅಂತ ನೋಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೀರಿ,” ಎಂದು ಅಕ್ಕ ಹೇಳಿ ಹೋದರು. ನಾಯಕರಿಗೆ ಕಾರು ತಳ್ಳಿ ಸೊಂಟ ಹಿಡಿದಿತ್ತು, ಬಗ್ಗಲಾಗಲಿಲ್ಲ. ಡಾಕ್ಟರು ಉತ್ಸಾಹದಿಂದ ಜೇಬಿನಿಂದ ತಮ್ಮ ಉದ್ದ ಕಡ್ಡಿಯ ಪುಟ್ಟ ಕನ್ನಡಿ ತೆಗೆದು, ಗೇರ್‌ಬಾಕ್ಸಿನ ಬಾಯೊಳಗೆ ಇಳಿಬಿಟ್ಟರು.

“ಸ್ವಲ್ಪ ಅಗಲ ಮಾಡಿ... ಹಾಂ, ಕಾಣ್ತಾ ಇದೆ ಸಾರ್. ನೀವೇ ನೋಡಿ, ಚೆನ್ನಾಗಿ ಕಾಣ್ತಾ ಇದೆ!”

ನಾಯಕರು ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೇ, ಒಂದು ಹಲ್ಲೂ ತಪ್ಪದಂತೆ, ನೆಲದ ಮೇಲೆ ಬರೆದರು. ಕನ್ನಡಿ ನಮ್ಮ ಬಲಗೆನ್ನೆಯ ಮಚ್ಚೆಯನ್ನು ಎಡಕ್ಕೆ ತೋರಿಸುತ್ತದೆಂಬುದು ದಿನಾ ಗಡ್ಡ ಕೆರೆಯುವ ಆ ಇಬ್ಬರು ಗಂಡಸರಿಗೂ ಹೊಳೆಯಲಿಲ್ಲ.

ಸಂಜೆ ನಾಯಕರು ಒಂದು ಸ್ಪ್ಯಾನರ್ ಮನೆಗೆ ಒಯ್ದು, ಊಟದ ಮೇಜಿನ ನಟ್ಟುಗಳ ಮೇಲೆ ಅಭ್ಯಾಸ ಮಾಡುವುದಾಗಿ ಹೇಳಿ, ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಬಂದರು. ಪಕ್ಕದ ಮನೆಯ ಅಜ್ಜಿ ಗೇಟಿನಲ್ಲೇ ಹಿಡಿದಳು.

“ಏನಪ್ಪಾ ನಾನಿದ್ದೀನಲ್ಲ, ಇನ್ನೊಂದು ಚಪ್ಪಲಿ ಎಲ್ಲಿ?”

“ಒತ್ತೆ ಇಟ್ಟೆ ಅಜ್ಜಿ.”

ಬೆಳಗಾಗುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿತು. ಅಳಿಯಂದಿರಿಗೆ ಚಪ್ಪಲಿ ಒತ್ತೆ ಇಡುವ ಗತಿ ಬಂದಿದೆಯಂತೆ, ಅದೂ ಒಂದೇ. ಎರಡನೆಯದನ್ನು ಕಷ್ಟಕಾಲಕ್ಕೆ ಇಟ್ಟುಕೊಂಡಿದ್ದಾರಂತೆ. ಶಿಬಿರಕ್ಕೆಂದು ವಾರದ ರಜೆ ಕೇಳಲು ಹೋದಾಗ ನೀರಿನ ಕಚೇರಿಯ ಮೇಲಧಿಕಾರಿಗಳು ಅವರನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ತಮ್ಮ ಹಳೆಯ ಬೂಟುಗಳನ್ನು ಮಾತಿಲ್ಲದೆ ಮುಂದಿಟ್ಟರು. ನಾಯಕರಿಗೆ ಏಕೆಂದು ತಿಳಿಯದಿದ್ದರೂ ಕೈ ಮುಗಿದು ತೆಗೆದುಕೊಂಡರು.

ಮನೆಯಲ್ಲಿ ರಾತ್ರಿಯ ಊಟದ ಹೊತ್ತು ಶಿಬಿರದ ವರದಿ ಇರುತ್ತಿತ್ತು. “ಇವತ್ತೂ ಅಕ್ಕ ಅವನಿಗೆ ಶಾಪ ಹಾಕಿದ್ರು ಮಾವ. ಅವನ ಬಾಗಿಲ ಚಿಲಕ ಕಿರುಗುಟ್ಟಲಿ ಅಂತ.”

ಮಾವ ಊಟ ಅರ್ಧಕ್ಕೆ ಬಿಟ್ಟು ಎದ್ದರು. ಎಣ್ಣೆ ಬಾಟಲಿ ಹಿಡಿದು ಮನೆಯ ಚಿಲಕಗಳಿಗೆಲ್ಲ ಎಣ್ಣೆ ಬಿಟ್ಟು ಬಂದರು. ಮರುದಿನದ ಶಾಪ, ‘ಅವನು ಕೂತ ಕುರ್ಚಿಗೆ ಯಾವತ್ತೂ ಒಂದು ಕಾಲು ಗಿಡ್ಡ ಇರಲಿ.’ ಮಾವ ಅಂದು ತಮ್ಮ ಕುರ್ಚಿಯನ್ನು ತಲೆಕೆಳಗು ಮಾಡಿ, ಹಳೆಯ ಕಸುಬಿನ ಅಳತೆಪಟ್ಟಿ ತಂದು ನಾಲ್ಕೂ ಕಾಲು ಅಳೆದರು. ಅದರ ಮರುದಿನ, ‘ಅವನ ಕೊಡೆ ಮಳೆಯಲ್ಲೇ ಉಲ್ಟಾ ಆಗಲಿ.’ ಮಾವ ಮಾರನೆಯ ದಿನ ಹನಿ ಬೀಳುತ್ತಿದ್ದರೂ ಕೊಡೆಯನ್ನು ಬಿಚ್ಚದೆ ಕಂಕುಳಲ್ಲಿ ಹಿಡಿದು, ನೆನೆದು ಮನೆಗೆ ಬಂದರು.

“ಅಪ್ಪನಿಗೆ ವಯಸ್ಸಾಯ್ತು ಕಣ್ರೀ,” ಎಂದು ಮಗಳು ಕಣ್ಣು ಒರೆಸಿಕೊಂಡಳು.

“ಚಿಂತೆ ಮಾಡಬೇಡ,” ಎಂದರು ನಾಯಕರು, “ನಾನಿದ್ದೀನಲ್ಲ.” ಆಕೆಗೆ ಅಳು ಇನ್ನೂ ಜೋರಾಯಿತು.

ನಾಲ್ಕು ಹಲ್ಲಿನ ಸ್ಪ್ಯಾನರ್ ಇಲ್ಲದ್ದರಿಂದ ಆ ಪಕ್ಕದ ಬಳೆಗಳನ್ನು ಉಳಿ ಸುತ್ತಿಗೆಯಿಂದ ಕೂದಲೆಳೆ ಕೂದಲೆಳೆಯಾಗಿ ತಟ್ಟಿ ಬಿಚ್ಚಬೇಕಾಯಿತು; ಹಾಗೇ ತಟ್ಟಿ ಹಾಕಬೇಕಾಯಿತು. ಬಿಚ್ಚುವುದಕ್ಕೂ ಹಾಕುವುದಕ್ಕೂ ದಿನಗಟ್ಟಲೆ ಹಿಡಿಯಿತು. ಸವೆದ ಚಕ್ರಗಳು ಹೋಗಿ ಹೊಸವು ಬಂದವು. ಶನಿವಾರ ಸಂಜೆ ಎಲ್ಲ ಕೂಡಿಸಿ ಕಾರಿಗೆ ಏರಿಸಿಯೂ ಆಯಿತು. ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು, “ಕ್ರೌನ್ ನೋಡಿ ಹಾಕಿದೀಯಾ ತಮ್ಮ?” ಎಂದು ಕೇಳಿದರು.

ಕೈ ಎದೆಯ ಮೇಲೆ ಹೋಯಿತು. “ನಾನಿದ್ದೀನಲ್ಲ ಅಕ್ಕ!”

ಅಕ್ಕನಿಗೆ ಆ ಮಾತಿನ ಇತಿಹಾಸ ಗೊತ್ತಿರಲಿಲ್ಲ. ನೆಮ್ಮದಿಯಿಂದ ಮನೆಗೆ ಹೋದರು.

ಭಾನುವಾರ ಬೆಳಿಗ್ಗೆ ನಾಯಕರೂ ಡಾಕ್ಟರೂ ಗ್ಯಾರೇಜಿನ ಬೀಗ ತೆಗೆದು, ಕಾರಿಗೆ ಕೈ ಮುಗಿದು, ಎಂಜಿನ್ ಶುರು ಮಾಡಿದರು. ಅದು ಗಂಟಲು ಸರಿಮಾಡಿಕೊಂಡು ಹಾಡಿತು. ನಾಯಕರು ಮೊದಲನೇ ಗೇರು ಹಾಕಿದರು. ಕಾರು ಸರ್ರನೆ ಹಿಂದಕ್ಕೆ ಹೋಗಿ ಖಾಲಿ ಡ್ರಮ್ಮುಗಳ ರಾಶಿಗೆ ಒರಗಿತು.

“ನರ್ವಸ್ ಆಗಿದೆ,” ಎಂದರು ಡಾಕ್ಟರು. “ಎರಡನೇದು ಹಾಕಿ.”

ಎರಡನೇದಕ್ಕೆ ಇನ್ನೂ ಬೇಗ ಹಿಂದಕ್ಕೆ ಹೋಯಿತು. ಮೂರನೇದನ್ನೂ ನಾಲ್ಕನೇದನ್ನೂ ನೋಡಿದ್ದಾಯಿತು. ರಿವರ್ಸ್ ಹಾಕಿದಾಗ ಮಾತ್ರ ಕಾರು ಒಂದು ಮೊಳ ಮುಂದಕ್ಕೆ ಬಂತು. ಬಂದ ಕೂಡಲೇ ಆ ಗೇರು ಕಟಕ್ಕೆಂದು ಜಾರಿ ಹೊರಬಿತ್ತು. ಎಷ್ಟು ಸಲ ಹಾಕಿದರೂ ಅಷ್ಟೇ. ಹೀಗೆ ಒಂದು ಕಾರಿಗೆ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ನಿಲ್ಲದ ಒಂದು ಗೇರು ಬಂದುಬಿಟ್ಟಿತು.

ಬೇರೆ ಯಾರಾದರೂ ಅಲ್ಲೇ ಇಳಿದು ಅಳುತ್ತಿದ್ದರು. ನಾಯಕರು ಸ್ವಲ್ಪ ಯೋಚಿಸಿ, “ಡಾಕ್ಟ್ರೇ, ಮನೆ ಎಲ್ಲೂ ಹೋಗಲ್ಲ. ಹಿಂದಕ್ಕೆ ಹೋದ್ರೂ ಸಿಗುತ್ತೆ,” ಎಂದರು.

ಡಾಕ್ಟರು ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿಗೆ ಮೂಗು ಒತ್ತಿ ದಾರಿ ಹೇಳತೊಡಗಿದರು. “ಎಡಕ್ಕೆ ಸಾರ್... ಅಯ್ಯೋ, ಆ ಎಡ ಅಲ್ಲ... ಎಮ್ಮೆ! ಎಮ್ಮೆ!” ಎಮ್ಮೆ ತನ್ನ ಜೀವಮಾನದಲ್ಲಿ ಮೊದಲ ಬಾರಿ ದಾರಿ ಬಿಟ್ಟಿತು.

ಪೇಟೆಯ ಬೀದಿ ಏಕಮುಖ. ತುದಿಯಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸು ಪೀಪಿ ಊದಲು ಬಾಯಿಗಿಟ್ಟವನು ಹಾಗೇ ನಿಂತ. ಕಾರಿನ ಮುಖ ಸರಿಯಾದ ದಿಕ್ಕಿಗೇ ಇದೆ. ಬರುತ್ತಿರುವುದು ಮಾತ್ರ ತಪ್ಪು ದಿಕ್ಕಿನಿಂದ.

“ನಿಲ್ಸಿ! ಏಕಮುಖ ರಸ್ತೇಲಿ ಎದುರು ಬರ್ತೀರಲ್ರೀ!”

“ಎದುರು ಎಲ್ಲಿ ಬಂದೆ ಸ್ವಾಮಿ? ಮುಖ ನೋಡಿ, ಬಾಣದ ಗುರುತು ಎಲ್ಲಿ ತೋರಿಸ್ತಿದೆಯೋ ಅಲ್ಲೇ ಇದೆ,” ಎಂದರು ನಾಯಕರು ವಿನಯದಿಂದ.

“ಹಾಗಾದ್ರೆ ಗಾಡಿ ತಿರುಗಿಸ್ಕೊಂಡು ಹೋಗಿ.”

“ತಿರುಗಿಸಿದ್ರೆ ನಡೆ ಸರಿಯಾಗುತ್ತೆ, ಮುಖ ತಪ್ಪಾಗುತ್ತೆ. ನಿಮಗೆ ಯಾವುದು ಬೇಕು ಹೇಳಿ.”

ಪೊಲೀಸು ಟೋಪಿ ತೆಗೆದು ತಲೆ ಕೆರೆದ. ಫೋನಿನಲ್ಲಿ ಸಾಹೇಬರನ್ನು ಕೇಳಿದ. ಸಾಹೇಬರು ಅವನು ಬೆಳಿಗ್ಗೆ ಏನು ಕುಡಿದಿದ್ದಾನೆಂದು ಕೇಳಿದರು. ಕೊನೆಗೆ ಆತ ಕೈ ಮುಗಿದು, “ನಾನು ಆ ಕಡೆ ನೋಡ್ತಾ ನಿಂತಿರ್ತೀನಿ, ನೀವು ಹೋಗಿಬಿಡಿ,” ಎಂದ. ಯಾವ ಕಡೆ ನೋಡಬೇಕೆಂಬುದು ಮಾತ್ರ ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ.

ಮನೆಯ ಬೀದಿಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಕಾರಿನ ಮುಖ ದೂರ ಸರಿಯುವುದನ್ನು ಕಂಡು ಸೆರಗಿನಿಂದ ಕಣ್ಣೊರೆಸಿ, “ಹುಷಾರಾಗಿ ಹೋಗಿ ಬಾರಪ್ಪಾ,” ಎಂದು ಕೈ ಬೀಸಿದಳು.

“ಬರ್ತಾ ಇದ್ದೀನಿ ಅಜ್ಜಿ!”

“ಬರೋರಿಗೆ ಹೋಗೋದು ಯಾಕೆ?” ಎಂದು ಅಜ್ಜಿ ಒಳಗೆ ಹೋದಳು.

ಗೇಟಿನಲ್ಲಿ ಮನೆಯವರೆಲ್ಲ ನಿಂತಿದ್ದರು. ಗುಜರಿಯವನೂ ತನ್ನ ಗಾಡಿ ತಂದು ನಿಲ್ಲಿಸಿದ್ದ. ಕಾರು ಬೆನ್ನು ತೋರಿಸುತ್ತ ಗೇಟು ದಾಟಿ ಅಂಗಳಕ್ಕೆ ಬಂದು ನಿಂತಿತು. ಮಾವನ ಮುಖ ಒಂದು ಕ್ಷಣ ಬೆಳಗಿತು. ಎಷ್ಟೋ ವರ್ಷಗಳ ಮೇಲೆ ಆ ಎಂಜಿನ್ನಿನ ಸದ್ದು ಕಿವಿಗೆ ಬಿದ್ದಿತ್ತು.

“ಅಪ್ಪಾ, ನೀವು ಹೇಳಿದ್ದು ಮುಂದಕ್ಕೆ,” ಎಂದ ಭಾಮೈದ. “ಇದು ಹಿಂದಕ್ಕೆ.”

ಮಾವ ಅಳತೆಯ ಮನುಷ್ಯ. ಮಗನ ಮಾತಿನಲ್ಲಿ ಒಂದು ಗುಂಜಿಯೂ ಕಡಿಮೆ ಇರಲಿಲ್ಲ. “ಹೌದು. ಮುಂದಕ್ಕೆ ಅಂದಿದ್ದೆ,” ಎಂದು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಗುಜರಿಯವನು ಹಗ್ಗ ಬಿಚ್ಚಿದ.

ಅಷ್ಟರಲ್ಲಿ ಸ್ಕೂಟರಿನ ಸದ್ದಾಯಿತು. ಪೇಟೆಯೆಲ್ಲ ಹಬ್ಬಿದ ಸುದ್ದಿ ಕೇಳಿ ಅಕ್ಕ ಬಂದಿದ್ದರು. ಇಳಿಯುವ ಮೊದಲೇ ಬೈಗುಳ ಶುರುವಾಗಿತ್ತು. “ಕ್ರೌನ್ ಉಲ್ಟಾ ಕೂರಿಸಿದೀಯಲ್ಲೋ ಪುಣ್ಯಾತ್ಮ! ಯಾರೋ ಬರೆದು ಕೊಟ್ಟಿದ್ದು?”

“ಕನ್ನಡೀಲಿ ನೋಡಿ ಬರೆದ್ವಿ ಅಕ್ಕ,” ಎಂದರು ಡಾಕ್ಟರು ಹೆಮ್ಮೆಯಿಂದ. ಹೇಳಿ ಮುಗಿಸಿದ ಮೇಲೆ ಅವರ ಬಾಯಿ ಹಾಗೇ ತೆರೆದುಕೊಂಡಿತು. ಅವರ ರೋಗಿಗಳೂ ಅಷ್ಟು ಚೆನ್ನಾಗಿ ತೆರೆದದ್ದಿಲ್ಲ.

“ಸರಿಹೋಗುತ್ತಾ ಅಕ್ಕ? ಸೂರ್ಯ ಮುಳುಗೋದರೊಳಗೆ?” ನಾಯಕರ ದನಿ ಸಣ್ಣದಾಗಿತ್ತು. ಕೈ ಎದೆಯ ಮೇಲೆ ಹೋಗಲಿಲ್ಲ. ಅವರು ಮಾವನ ಮುಖ ನೋಡುತ್ತಿದ್ದರು.

“ಆ ನಾಲ್ಕು ಹಲ್ಲಿನ ಸ್ಪ್ಯಾನರ್ ಇದ್ದಿದ್ರೆ ಮುಳುಗೋದರೊಳಗೆ ಮುಗಿಸಿ ಮನೆಗೆ ಹೋಗ್ತಿದ್ದೆ. ಉಳಿ ಸುತ್ತಿಗೆ ಅಂದ್ರೆ ಇನ್ನೊಂದು ವಾರ. ಆ ಒಯ್ದವನ...”

“ತಡೀರಿ,” ಎಂದರು ಮಾವ.

ಅವರು ಶೆಡ್ಡಿಗೆ ಹೋದರು. ಎಣ್ಣೆ ಕುಡಿದ ಚಿಲಕ ಸದ್ದು ಮಾಡದೆ ತೆರೆಯಿತು. ಹೊರಗೆ ಬರುವಾಗ ಕೈಯಲ್ಲೊಂದು ಬಟ್ಟೆಯ ಗಂಟಿತ್ತು. ಬಿಚ್ಚಿದರೆ ಒಳಗೆ ನಾಲ್ಕು ಹಲ್ಲಿನ ಕಬ್ಬಿಣ, ತುಕ್ಕಿನ ಚುಕ್ಕೆಯೂ ಇಲ್ಲದ ಹಾಗೆ ಎಣ್ಣೆ ಸವರಿ ಇಟ್ಟದ್ದು.

“ಇದು... ಶೆಡ್ಡಲ್ಲಿ ಇತ್ತು. ಇದೇನಾ ನೋಡಿ,” ಎಂದರು, ನೆಲ ನೋಡುತ್ತ.

“ಮಾವಾ!” ನಾಯಕರು ಕೂಗಿಬಿಟ್ಟರು. “ಪವಾಡ! ನೋಡಿ ಅಕ್ಕ, ಬೇಕು ಅಂದ ಗಳಿಗೇಲಿ ದೇವರೇ ತಂದು ನಮ್ಮ ಶೆಡ್ಡಲ್ಲಿ ಇಟ್ಟಿದಾನೆ! ಎಣ್ಣೆ ಕೂಡ ಹಚ್ಚಿದಾನೆ!”

ಅಕ್ಕ ಸ್ಪ್ಯಾನರ್ ನೋಡಿದರು. ಆಮೇಲೆ ಮಾವನ ಕನ್ನಡಕದ ಕಾಲಿಗೆ ಸುತ್ತಿದ್ದ ತಾಮ್ರದ ತಂತಿ ನೋಡಿದರು. ಎಷ್ಟೋ ವರ್ಷ ತಪ್ಪದೆ ನಡೆದ ಆ ಬಾಯಿ ಮೊದಲ ಸಲ ನಿಂತಿತು.

“ಹಳೇ ಶೆಡ್ಡು ಅಂದ್ಮೇಲೆ ಏನೇನೋ ಸಿಗ್ತವೆ ಯಜಮಾನ್ರೇ,” ಎಂದರು ಅಕ್ಕ ಕೊನೆಗೆ. “ಡಾಕ್ಟ್ರೇ, ಬನ್ನಿ ಇಲ್ಲಿ. ಕನ್ನಡಿ ಜೇಬಲ್ಲೇ ಇರಲಿ.”

ಬೀದಿಗೆ ಬೀದಿಯೇ ನೋಡಲು ಬಂತು. ನಿಂತವರ ಕಾಲು ನೋಯಬಾರದೆಂದು ಭಾಮೈದ ತನ್ನ ಕುರ್ಚಿಗಳನ್ನು ಇಳಿಸಿ ಸಾಲಾಗಿ ಹಾಕಿದ. ಒಂದು ಕುರ್ಚಿಯನ್ನು ಗುಜರಿಯವನಿಗೂ ಕೊಟ್ಟ. ಕೂತವರು ಒಂದೊಂದು ನಟ್ಟು ಬಿಚ್ಚಿದಾಗಲೂ ಚಪ್ಪಾಳೆ ತಟ್ಟಿದರು. ಎಂಜಿನ್ ಇಳಿಯಿತು, ಬಳೆಗಳು ಬಿಚ್ಚಿದವು, ಕ್ರೌನ್ ಮಗ್ಗುಲು ಬದಲಾಯಿಸಿತು, ಜಾರುವ ಗೇರಿನ ಕೊಕ್ಕೆಯನ್ನೂ ಅಕ್ಕ ಸರಿಮಾಡಿದರು. ಎಲ್ಲ ಮತ್ತೆ ಮೇಲೇರುವಾಗ ಸೂರ್ಯ ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ ಇಳಿದಿದ್ದ. ಇಷ್ಟು ಹೊತ್ತಿನಿಂದ ಪೂರ್ತಿ ಮುಳುಗದೆ ಅವನೂ ಎಲ್ಲೋ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದನೇನೋ.

ಸ್ಟಿಯರಿಂಗ್ ಹಿಡಿದವರು ಮಾವ. ಮೊದಲನೇ ಗೇರಿಗೆ ಕಾರು ಒಮ್ಮೆ ನಡುಗಿತು. ಆಮೇಲೆ ಮುಂದಕ್ಕೆ, ಮುಂದಕ್ಕೇ, ಗೇಟು ದಾಟಿತು. ಬೀದಿಯವರು ಕುರ್ಚಿ ಬಿಟ್ಟೆದ್ದು ಕೂಗಿದರು. ಎಲ್ಲರಿಗಿಂತ ಮೊದಲು ಎದ್ದವನು ಗುಜರಿಯವನು. ಭಾಮೈದ ಕುರ್ಚಿಗಳನ್ನು ಎತ್ತಿಡುತ್ತ, “ಶೆಡ್ಡು ಅದರದೇ ಬಿಡಿ ಅಪ್ಪಾ. ದಿನಾ ಸಂಜೆ ಸ್ವಲ್ಪ ಹೊತ್ತು ಹೊರಗೆ ಸುತ್ತಾಡಿಸ್ತಿರಿ, ಆಗ ಕುರ್ಚಿ ಒಣಗಿಸ್ಕೋತೀನಿ,” ಎಂದ.

ಮರುದಿನ ಬೆಳಿಗ್ಗೆ ಮಂಜು ಇರಲಿಲ್ಲ. ನಾಯಕರು ತಾವು ಒಯ್ದ ಸ್ಪ್ಯಾನರ್ ಹಿಂದಿರುಗಿಸಲು ಗ್ಯಾರೇಜಿಗೆ ಹೊರಟಾಗ ಮಾವ ತಾವೇ ಕಾರಿನಲ್ಲಿ ಕರೆದುಕೊಂಡು ಹೋದರು. ಬಾಗಿಲಿನಿಂದ ಸ್ವಲ್ಪ ದೂರದಲ್ಲೇ ನಿಲ್ಲಿಸಿ, ಇಳಿಯದೆ ಕೂತರು. ಒಳಗೆ ಪ್ರಾರ್ಥನೆ ನಡೆಯುತ್ತಿತ್ತು. ಬೆರಳುಗಳು ಸಂಜೆಗೂ ಇಷ್ಟೇ ಇರಲಿ ಎಂದಾದ ಮೇಲೆ ಶಿಬಿರದವರು ಕಣ್ಣು ಮುಚ್ಚಿಕೊಂಡೇ ಕಾದರು. ಶಾಪ ಬರಲಿಲ್ಲ.

“ಅಕ್ಕ, ಮುಂದಿನದು ಮರೆತ್ರಿ,” ಎಂದರು ನಾಯಕರು, ಮೊಳೆಯಿಂದ ತಮ್ಮ ಚಪ್ಪಲಿ ತೆಗೆದುಕೊಳ್ಳುತ್ತ.

“ದೇವರೇ ತಂದಿಟ್ಟ ಅಂದ್ಯಲ್ಲೋ ತಮ್ಮ. ದೇವರಿಗೆ ಹೇಗೋ ಶಾಪ ಹಾಕೋದು?”

ಎಲ್ಲರೂ ಕೆಲಸಕ್ಕೆ ಬಾಗಿದ ಮೇಲೆ ಅಕ್ಕ ಸ್ಟೂಲು ಹತ್ತಿ, ಎಲ್ಲಕ್ಕಿಂತ ಮೇಲಿನ ಮೊಳೆಗೆ ಕೈ ಹಾಕಿದರು. ಸೆರಗಿನಿಂದ ಧೂಳು ಒರೆಸಿದರು. ಹಳೇ ಪೇಪರಿನಲ್ಲಿ ಸುತ್ತಿ, ಯಾರಿಗೂ ಏನೂ ಹೇಳದೆ ಕಾರಿನ ಹತ್ತಿರ ನಡೆದು ಹೋಗಿ, ಕಿಟಕಿಯೊಳಗೆ ಕೈ ಚಾಚಿ ಮಾವನ ಮಡಿಲಲ್ಲಿ ಇಟ್ಟರು.

“ಎಡಗಾಲಿಂದು,” ಎಂದರು ಮೆಲ್ಲಗೆ. “ಬಲಗಾಲಿಂದು ಇದೆಯಾ?”

“ಇದೆ,” ಎಂದರು ಮಾವ. “ಎಸೆದಿಲ್ಲ.”